ಬಾಗಿಲ ಕಡೆಗೇ ನನ್ನ ಮುಖ

ಕೆಲವರಿಗೆ ತಲೆದಿಂಬು ಬದಲಾದರೆ ನಿದ್ದೆ ಬರುವುದಿಲ್ಲ. ಕೆಲವರಿಗೆ ಪೇಪರ್ ಕೈಗೆ ಸಿಗದಿದ್ದರೆ ಬೆಳಗಿನ ಕೆಲಸಗಳೇ ಸಾಗುವುದಿಲ್ಲ. ನನ್ನ ಕಾಯಿಲೆ ಇನ್ನೊಂದು ಬಗೆಯದು. ನಾನು ಬಾಗಿಲಿಗೆ ಬೆನ್ನು ಹಾಕಿ ಕೂರಲಾರೆ. ಕೂತರೆ ಬೆನ್ನ ಮೇಲೆ ಏನೋ ಹರಿದಾಡಿದ ಹಾಗಾಗುತ್ತದೆ. ಯಾರೋ ಬಂದರು, ನಾನು ನೋಡಲಿಲ್ಲ, ಅವರು ಜಾಗ ಹುಡುಕಿ ಹುಡುಕಿ ಬೇಸತ್ತು ಎದುರಿನ ಹೋಟೆಲಿಗೆ ಹೋಗಿಯೇಬಿಟ್ಟರು ಎಂಬ ಸಂಕಟ. ಹಲ್ಲಿನ ಡಾಕ್ಟರ ಕುರ್ಚಿಯಲ್ಲೂ ಇದು ಬಿಡುವುದಿಲ್ಲ. ಕಳೆದ ಸಲ ಬಾಯಿ ಅಗಲಿಸಿ ಮಲಗಿದ್ದಾಗಲೇ ಹಿಂದೆ ಬಾಗಿಲ ಸದ್ದಾಯಿತು. ನಾನು ತಟ್ಟನೆ ಎದ್ದು ಕೂತು, ಬಂದವರಿಗೆ ನಮಸ್ಕರಿಸಿದೆ. ಬಾಯಲ್ಲಿ ಹತ್ತಿ ತುಂಬಿದ್ದರಿಂದ "ಬನ್ನಿ" ಎನ್ನಲಾಗಲಿಲ್ಲ, ಅಷ್ಟೇ. ಡಾಕ್ಟರು ಇಕ್ಕಳವನ್ನು ಟ್ರೇಯಲ್ಲಿಟ್ಟು ಎದ್ದು ಹೋಗಿ ಬಾಗಿಲಿಗೆ ಚಿಲಕ ಹಾಕಿ ಬಂದರು.

ತಪ್ಪು ನನ್ನದಲ್ಲ, ಗಲ್ಲಾಪೆಟ್ಟಿಗೆಯದು. ಕುಂದಾಪುರದಿಂದ ವಡೋದರಾಕ್ಕೆ ಬಂದು, ಆಲ್ಕಾಪುರಿಯಲ್ಲಿ ರೈಲ್ವೆ ಸ್ಟೇಷನ್ನಿಗೆ ಹತ್ತಿರದಲ್ಲೇ ಒಂದು ಉಡುಪಿ ಹೋಟೆಲ್ ಇಟ್ಟುಕೊಂಡು ನಾನು ಆ ಗಲ್ಲಾದ ಮೇಲೆ ಕೂತು ಇಪ್ಪತ್ತೆಂಟು ವರ್ಷವಾಯಿತು. ಗಲ್ಲಾದ ಮುಖ ಬಾಗಿಲಿಗೆ, ಬೆನ್ನು ಅಡುಗೆಮನೆಗೆ. ಬಾಗಿಲಲ್ಲಿ ನೆರಳು ಕಂಡರೆ ಸಾಕು, "ಆವೋ, ಆವೋ, ಬೇಸೋ" ಎಂದು ಬಾಯಿ ತಾನಾಗಿ ಕರೆಯುತ್ತದೆ. ಬನ್ನಿ, ಕೂತ್ಕೊಳ್ಳಿ ಎಂದರ್ಥ. ಆಮೇಲೆ ಗಿರಾಕಿ ಏನೇ ಕೇಳಲಿ, ದೋಸೆ ಎಷ್ಟು ಹೊತ್ತಾಗುತ್ತದೆ, ಕರೆಂಟು ಯಾವಾಗ ಬರುತ್ತದೆ, ಕೈ ತೊಳೆಯುವಲ್ಲಿ ನೀರು ಯಾಕಿಲ್ಲ, ಎಲ್ಲಕ್ಕೂ ನನ್ನದು ಒಂದೇ ಉತ್ತರ: "ಪಾಂಚ್ ಮಿನಿಟ್." ಈ ಮಾತಿಗೂ ಗಡಿಯಾರಕ್ಕೂ ಸಂಬಂಧವಿಲ್ಲ. ಹೋಟೆಲಿನವನ ಐದು ನಿಮಿಷ ಎಂದರೆ, ನೀವು ಎದ್ದು ಹೋಗದೆ ಇರಿ ಎಂಬ ವಿನಂತಿ, ಅಷ್ಟೇ.

ಗಲ್ಲಾದ ಹಿಂದಿನ ಗೋಡೆಯಾಚೆ ನನ್ನ ಹೆಂಡತಿ ಜಲಜಾ. ಹಿಟ್ಟು ಹುಳಿ ಬಂತೋ ಇಲ್ಲವೋ, ಸಾಂಬಾರಿಗೆ ಬೆಲ್ಲ ಎಷ್ಟು, ತರಕಾರಿಯವಳು ಇವತ್ತು ಯಾಕೆ ಮುಖ ಊದಿಸಿಕೊಂಡಿದ್ದಾಳೆ, ಎಲ್ಲವೂ ಅವಳ ಖಾತೆ. ನನ್ನ ಮುಖ ಬೀದಿಗೆ, ಅವಳ ಮುಖ ಒಲೆಗೆ. ಹೀಗೆ ಬೆನ್ನಿಗೆ ಬೆನ್ನು ಕೊಟ್ಟುಕೊಂಡು ನಾವು ಬಹಳ ಅನ್ಯೋನ್ಯವಾಗಿದ್ದೇವೆ ಎಂದೇ ನಾನು ತಿಳಿದಿದ್ದೆ.

ಮದುವೆಯ ದಿನ ಹತ್ತಿರ ಬಂದಾಗ ಅವಳು ಪ್ರತಿ ವರ್ಷ ಒಂದೇ ಒಂದು ಮಾತು ಕೇಳುತ್ತಿದ್ದಳು. ಒಂದು ಸಂಜೆ, ಒಂದೇ ಒಂದು ಸಂಜೆ, ಹೋಟೆಲ್ ಬಿಟ್ಟು ಇಬ್ಬರೇ ಎಲ್ಲಿಗಾದರೂ ಹೋಗುವ. ನಾನು ಪ್ರತಿ ವರ್ಷ ಒಪ್ಪುತ್ತಿದ್ದೆ. ಹೊರಡುವ ಹೊತ್ತಿಗೆ ಯಾವುದೋ ಬಸ್ಸಿನ ತುಂಬ ಯಾತ್ರಿಕರು ಬಂದಿಳಿಯುತ್ತಿದ್ದರು. ಈ ವರ್ಷ ಅವಳ ದನಿ ಬೇರೆಯಿತ್ತು. ಜಗಳವಿಲ್ಲ, ಕಣ್ಣೀರಿಲ್ಲ, ತೆಂಗಿನಕಾಯಿ ತುರಿಯುತ್ತಾ ತಲೆ ಎತ್ತದೆ ಹೇಳಿದಳು.

"ಹ್ವಾಯ್, ಕಾಣಿ. ಇದ್ ಕಡೀ ಸಲ. ಈ ಸಲ ಆಯಿಲ್ಲ ಅಂದ್ರೆ ಇನ್ನ್ ನಾನ್ ಕೇಂತಿಲ್ಲೆ."

ಜಗಳವಾಡಿದ್ದರೆ ನನಗೆ ಧೈರ್ಯವಿರುತ್ತಿತ್ತು. ಕೇಳುವುದನ್ನೇ ಬಿಡುತ್ತೇನೆ ಎಂದಾಗ ನಿಜಕ್ಕೂ ಹೆದರಿದೆ. ಕೇಳುವುದನ್ನು ಬಿಟ್ಟ ಗಿರಾಕಿ ಮರುದಿನ ಬರುವುದಿಲ್ಲ ಎಂಬುದು ನನಗೆ ಗೊತ್ತಿರುವ ಒಂದೇ ಒಂದು ಸತ್ಯ.

ಮಗಳು ನಿಧಿ ಮುಂದೆ ಬಂದಳು. ಕಾಲೇಜು ಓದುವ ಹುಡುಗಿ. ಅವಳ ಕನ್ನಡ ನಾಲ್ಕು ಹೆಜ್ಜೆ ನಡೆದು ಹಿಂದಿಯಲ್ಲಿ ಕೂತುಬಿಡುತ್ತದೆ. "ಪಪ್ಪಾ, ಒಂದೇ ಶಾಮ್, ಎರಡು ಪ್ರೋಗ್ರಾಂ. ಫಸ್ಟ್ ಗ್ರೌಂಡಲ್ಲಿ ಖೋ ಖೋ ಮ್ಯಾಚ್, ಫ್ರೀ ಎಂಟ್ರಿ. ಆಮೇಲೆ ಕೆಫೆಯಲ್ಲಿ ಕಾಮೆಡಿ ಶೋ, ನಮ್ಮ ಎರಡು ಘೀ ರೋಸ್ಟಿಗಿಂತ ಸಸ್ತಾ. ಗಲ್ಲಾದಲ್ಲಿ ನಾನು ಕೂರ್ತೀನಿ. ಮೊಬೈಲ್ ಇಲ್ಲಿ ಇಡು. ಔರ್ ಪ್ರಾಮಿಸ್ ಮಾಡು, ಅಲ್ಲಿ ಹೋಗಿ ಹೋಟೆಲ್‌ವಾಲಾ ಆಗಬೇಡ." ನಾನು ದೇವರ ಪಟದ ಮುಂದೆ ಆಣೆ ಮಾಡಿದೆ. ಆ ಪಟವೂ ನಮ್ಮ ಹೋಟೆಲಿನಲ್ಲಿ ಬಾಗಿಲಿಗೇ ಮುಖ ಮಾಡಿದೆ ಎಂಬುದನ್ನು ಆಗ ಗಮನಿಸಲಿಲ್ಲ.

ಶನಿವಾರ ಸಂಜೆ ಐದೂವರೆಗೆ ಹುಡುಗಿಯರ ಖೋ ಖೋ ಪಂದ್ಯ. ಜಲಜಾ ಹಸಿರು ಸೀರೆ ಉಟ್ಟು, ಮಲ್ಲಿಗೆ ಮುಡಿದು ಬಂದಿದ್ದಳು. ಮೈದಾನದ ಮೆಟ್ಟಿಲ ಮೇಲೆ ಜಾಗ ಹಿಡಿದು ಕೂತಳು. ನಾನು ಕಡಲೆಕಾಯಿ ತರುತ್ತೇನೆಂದು ಗೇಟಿನ ತನಕ ಹೋದೆ. ಅಷ್ಟೇ. ಗೇಟು ಎಂದರೆ ಅದೂ ಒಂದು ಬಾಗಿಲೇ ತಾನೇ? ಜನ ಒಳಗೆ ಬರುತ್ತಿದ್ದರು. ಎಲ್ಲಿ ಕೂರುವುದೆಂದು ತಿಳಿಯದೆ ಅತ್ತಿತ್ತ ನೋಡುತ್ತಿದ್ದರು. ಆ ನೋಟ ಕಂಡರೆ ನಾನು ಕೈ ಕಟ್ಟಿ ನಿಲ್ಲಲಾರೆ. "ಆವೋ, ಆವೋ! ಕೇಟ್ಲಾ ಜಣ?" ಎಷ್ಟು ಜನ ಎಂದು ಕೇಳಿ, ನಾಲ್ವರಿದ್ದವರನ್ನು ನೆರಳಿಗೆ ಕೂರಿಸಿದೆ. ಒಬ್ಬ ಅಜ್ಜಿಗೆ ಗೋಡೆಗೆ ಒರಗುವ ಜಾಗ ಕೊಡಿಸಿದೆ. ಮೂವರು ಕೂತಲ್ಲಿಗೆ ಇನ್ನಿಬ್ಬರನ್ನು "ಸ್ವಲ್ಪ ಅಡ್ಜಸ್ಟ್" ಎಂದು ಸೇರಿಸಿದೆ. ಹತ್ತು ನಿಮಿಷದಲ್ಲಿ ಮೆಟ್ಟಿಲುಗಳು ಭರ್ತಿ. ಇಪ್ಪತ್ತೆಂಟು ವರ್ಷದ ಅನುಭವ ಎಂದರೆ ಸುಮ್ಮನೆಯೇ?

ಆಗ ಸೀಟಿ ಕೊರಳಿಗೆ ಹಾಕಿಕೊಂಡ ಒಬ್ಬರು ಓಡಿ ಬಂದರು. ನನ್ನ ಗತ್ತು ನೋಡಿ ನಾನೇ ವ್ಯವಸ್ಥಾಪಕ ಎಂದುಕೊಂಡಿರಬೇಕು. "ಕಾಕಾ, ಮುಖ್ಯ ಅತಿಥಿಗಳು ಎಷ್ಟು ಹೊತ್ತಿಗೆ ಬರುತ್ತಾರೆ?" ಎಂದು ಗುಜರಾತಿಯಲ್ಲಿ ಕೇಳಿದರು.

ಯಾವ ಮುಖ್ಯ ಅತಿಥಿ, ಯಾರ ಅತಿಥಿ, ನನಗೇನು ಗೊತ್ತು? ಗೊತ್ತಿಲ್ಲ ಎನ್ನಬಹುದಿತ್ತು. ಆದರೆ ಗೊತ್ತಿಲ್ಲ ಎಂಬ ಪದ ಹೋಟೆಲಿನವನ ಬಾಯಲ್ಲಿ ಇರುವುದಿಲ್ಲ. "ಪಾಂಚ್ ಮಿನಿಟ್" ಎಂದೆ.

ಅವರು ನೆಮ್ಮದಿಯಿಂದ ಹೋಗಿ ಪಂದ್ಯ ಶುರು ಮಾಡದೆ ಕಾದರು. ಎರಡು ತಂಡದ ಹುಡುಗಿಯರು ಸಾಲಾಗಿ ನಿಂತು ಕಾದರು. ಹೂವಿನ ಗುಚ್ಛ ಹಿಡಿದವಳೂ ಕಾದಳು. ಮತ್ತೆ ಬಂದು ಕೇಳಿದರು, ಮತ್ತೆ ಐದು ನಿಮಿಷ ಎಂದೆ. ಒಮ್ಮೆ ಹೇಳಿದ ಮೇಲೆ ಮಾತು ಬದಲಿಸಲಾಗುತ್ತದೆಯೇ? ಮುಕ್ಕಾಲು ಗಂಟೆಯಾದ ಮೇಲೆ ನಿಜವಾದ ವ್ಯವಸ್ಥಾಪಕರು ಬಂದು, ಅತಿಥಿಗಳು ಬರುವುದಿಲ್ಲವೆಂದು ಮಧ್ಯಾಹ್ನವೇ ಫೋನ್ ಮಾಡಿದ್ದರು, ಯಾರಪ್ಪಾ ಐದು ನಿಮಿಷ ಅಂದದ್ದು ಎಂದು ಕೂಗಾಡಿದರು. ನಾನು ಕಡಲೆಕಾಯಿ ಪೊಟ್ಟಣ ಹಿಡಿದು ಜಲಜೆಯ ಪಕ್ಕ ತಲೆ ತಗ್ಗಿಸಿ ಕೂತೆ.

"ಎಲ್ಲರನ್ನೂ ಕೂರ್ಸಿ ಆಯ್ತಾ?" ಎಂದಳು. ಪೊಟ್ಟಣ ತಣ್ಣಗಾಗಿತ್ತು.

ಆಟ ಶುರುವಾಯಿತು. ಎಂಟು ಹುಡುಗಿಯರು ಸಾಲಾಗಿ ಕುಕ್ಕರುಗಾಲಲ್ಲಿ ಕೂತರು, ಒಬ್ಬಳ ಮುಖ ಆಚೆ, ಮುಂದಿನವಳದು ಈಚೆ. ಒಂಬತ್ತನೆಯವಳು ಅಟ್ಟಿಸಿಕೊಂಡು ಓಡಿದಳು. ಇದ್ದಕ್ಕಿದ್ದಂತೆ ನನ್ನ ಪಕ್ಕದಿಂದ ಒಂದು ದನಿ ಮೈದಾನವನ್ನೇ ಸೀಳಿತು. "ಖೋ ಕೊಡ್ ಹೆಣೆ! ಖೋ ಕೊಡ್! ಎಂತ ಕಾಂತಾ ಇದ್ದೆ!"

ಜಲಜಾ ಎದ್ದು ನಿಂತಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಯಾಗಿತ್ತು. ಏನೇ ಹುಡುಗಿ, ಏನು ನೋಡುತ್ತಿದ್ದೀಯ ಎಂಬ ಕುಂದಾಪುರದ ಭಾಷೆ ಆ ಗುಜರಾತಿ ಹುಡುಗಿಗೆ ಅರ್ಥವಾಯಿತೋ ಏನೋ, ಖೋ ಕೊಟ್ಟೇ ಬಿಟ್ಟಳು. ಎದ್ದವಳು ಮರುಗಳಿಗೆ ಎದುರಾಳಿಯನ್ನು ಮುಟ್ಟಿದಳು. ಸುತ್ತಲಿನವರು ಜಲಜೆಗೆ ಚಪ್ಪಾಳೆ ತಟ್ಟಿದರು.

"ನಿಂಗೆ ಈ ಆಟ ಗೊತ್ತಿತ್ತಾ?" ಎಂದೆ.

"ಹೈಸ್ಕೂಲಿನಗೆ ನಾನ್ ಟೀಮಿನ ಕ್ಯಾಪ್ಟನ್. ನಿಮ್ಗ್ ಯಾವತ್ತ್ ಹೇಳುದ್? ನೀವ್ ತಿರ್ಗಿ ಕಂಡ್ರೆ ಅಲ್ದಾ!"

ನಾನು ಮಧ್ಯದ ಸಾಲನ್ನೇ ನೋಡಿದೆ. ಬೆನ್ನಿನ ಕಡೆಯಿಂದ ಯಾರಾದರೂ ಖೋ ಎನ್ನುವ ತನಕ ಒಂದೇ ದಿಕ್ಕು ನೋಡುತ್ತಾ ಕೂತಿರುವ ಆಟ. ಪಕ್ಕದವಳ ಮುಖವೂ ಕಾಣುವುದಿಲ್ಲ. ನಮ್ಮ ಹೋಟೆಲಿನ ನಕ್ಷೆಯನ್ನು ಯಾರೋ ಮೈದಾನದಲ್ಲಿ ಬರೆದ ಹಾಗಿತ್ತು. ನನಗೆ ತುಂಬಾ ನಾಚಿಕೆಯಾಯಿತು.

ಆದರೆ ನಾಚಿಕೆಯಾದ ಮಾತ್ರಕ್ಕೆ ಸುಧಾರಿಸಿಬಿಡುವ ಜಾತಿಯೇ ನಾನು? ಪಂದ್ಯ ತಡವಾಗಿ ಮುಗಿದದ್ದರಿಂದ ಕೆಫೆಗೆ ಹೋಗುವಷ್ಟರಲ್ಲಿ ಮುಂದಿನ ಕುರ್ಚಿಗಳೆಲ್ಲ ಹೋಗಿದ್ದವು. ಉಳಿದದ್ದು ಎರಡು, ಬಾಗಿಲ ಪಕ್ಕದಲ್ಲೇ. ನನ್ನ ಐದು ನಿಮಿಷ ನನ್ನನ್ನೇ ಅಲ್ಲಿಗೆ ತಂದು ಕೂರಿಸಿತ್ತು. ಮೊದಲ ಹತ್ತು ನಿಮಿಷ ಕುರ್ಚಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ವೇದಿಕೆಯನ್ನೇ ನೋಡಿದೆ. ಮೈಕು ಹಿಡಿದ ಹುಡುಗ ತನ್ನ ಪಿ.ಜಿ. ಮನೆಯ ಬಗ್ಗೆ ಏನೋ ಹೇಳುತ್ತಿದ್ದ, ಜನ ನಗುತ್ತಿದ್ದರು. ಹಿಂದೆ ಬಾಗಿಲು ಕಿರ್ ಎನ್ನುತ್ತಲೇ ಇತ್ತು. ಯಾವಾಗ ಕುರ್ಚಿ ತಿರುಗಿಸಿಕೊಂಡೆನೋ ದೇವರಾಣೆಗೂ ಗೊತ್ತಿಲ್ಲ. ಬಾಗಿಲು ತೆರೆಯಿತು. ನಾಲ್ಕು ಜನ, ಅದೇ ಅತ್ತಿತ್ತ ನೋಡುವ ಕಣ್ಣುಗಳು.

ನಾನು ಎದ್ದೆ. "ಆವೋ, ಆವೋ! ಚಾರ್ ಜಣ? ಪಾಂಚ್ ಮಿನಿಟ್, ಈಗ ಖಾಲಿಯಾಗುತ್ತೆ!"

ಸಭೆಯೆಲ್ಲ ಗಪ್‌ಚುಪ್. ಮೈಕಿನ ಹುಡುಗ, "ಕಾಕಾ, ಶೋ ಆ ಬಾಜು ಛೇ," ಎಂದ; ಪ್ರದರ್ಶನ ಈ ಕಡೆ ಇದೆ ಅಂತ. ಎಲ್ಲರೂ ತಿರುಗಿ ನನ್ನನ್ನು ನೋಡಿ ಹೋ ಎಂದು ನಕ್ಕರು. ಅವನಿಗೆ ಅಷ್ಟೇ ಸಾಕಾಗಿತ್ತು. ಜಲಜೆಯ ಕಡೆ ಕೈ ಮಾಡಿ, "ಕಾಕೀ, ಮನೆಯಲ್ಲೂ ಇವರು ಹೀಗೇನಾ?" ಎಂದು ಕೇಳಿದ.

ನಾಲ್ಕು ಜನರೆದುರು ಮಾತಾಡದ ಹೆಂಗಸು ಎಂದು ನಾನು ಕನಿಕರಪಡುತ್ತಿದ್ದ ನನ್ನ ಹೆಂಡತಿ ಎದ್ದು ನಿಂತಳು. ತರಕಾರಿಯವಳ ಜೊತೆ, ಹಿಟ್ಟು ರುಬ್ಬುವವಳ ಜೊತೆ ಇಷ್ಟು ವರ್ಷ ಆಡಿ ಪಳಗಿದ ಗುಜರಾತಿ ಅವಳದು. ನನ್ನದು ಬರೀ ಆವೋ, ಬೇಸೋ, ಪಾಂಚ್ ಮಿನಿಟ್. ಯಾರೋ ಮೈಕು ತಂದುಕೊಟ್ಟರು.

"ಮದುವೆಯ ದಿನ ಪುರೋಹಿತರು ಮುಹೂರ್ತ ಮೀರುತ್ತದೆ, ಮದುಮಗ ಎಲ್ಲಿ ಎಂದು ಕೂಗಿದರು," ಎಂದಳು. "ಇವರು ಊಟದ ಹಾಲ್‌ನ ಬಾಗಿಲಲ್ಲಿ ನಿಂತು ಪಂಕ್ತಿ ಭರ್ತಿ ಮಾಡುತ್ತಿದ್ದರು. ಕರೆಯಲು ಹೋದ ನನ್ನ ಅಪ್ಪನಿಗೇ ಜಾಗ ಕೊಟ್ಟು ಕೂರಿಸಿ ಎಲೆ ಹಾಕಿಸಿದರು."

ಕೆಫೆ ಹಾರಿಹೋಗುವಂಥ ನಗು. ಆಸ್ಪತ್ರೆಯಲ್ಲಿ ನಿಧಿ ಹುಟ್ಟಿದಾಗ ನರ್ಸು ಮಗುವನ್ನು ತಂದರೆ ನಾನು "ಒಬ್ಬರೇನಾ?" ಎಂದು ಕೇಳಿದ್ದನ್ನೂ ಹೇಳಿದಳು. ಅದು ಸುಳ್ಳೆಂದು ನಾನು ಕೂಗಿ ಹೇಳಬೇಕೆಂದಿದ್ದೆ, ಆದರೆ ಸುಳ್ಳಲ್ಲ. ಕೊನೆಗೆ ಹೇಳಿದಳು: "ಮದುವೆಯಾಗಿ ಈ ಊರಿಗೆ ಬಂದ ಮೊದಲ ವಾರ, ಸುರಸಾಗರ ಕೆರೆ ನೋಡುವ ಅಂದೆ. ಐದು ನಿಮಿಷ ಅಂದರು. ಇಪ್ಪತ್ತೇಳು ವರ್ಷವಾಯಿತು, ನಾನಿನ್ನೂ ಸೀರೆ ಉಟ್ಟುಕೊಂಡೇ ಕೂತಿದ್ದೇನೆ."

ಜನ ಮೇಜು ಕುಟ್ಟಿ ನಕ್ಕರು. ನಾನೂ ನಕ್ಕೆ. ಆಮೇಲೆ ನಗಲಾಗಲಿಲ್ಲ. ಅವಳ ಹಸಿರು ಸೀರೆಯನ್ನು ಆ ಸಂಜೆ ಮೊದಲ ಸಲ ಸರಿಯಾಗಿ ನೋಡಿದೆ. ಬಾಗಿಲು ಮತ್ತೆ ಕಿರ್ ಎಂದಿತು. ಯಾರು ಬಂದರೋ, ಎಷ್ಟು ಜನವೋ, ಈಗಲೂ ನನಗೆ ತಿಳಿಯದು.

ಶೋ ಮುಗಿದ ಮೇಲೆ ಹುಡುಗಿಯರು ಅವಳನ್ನು ಮುತ್ತಿಕೊಂಡರು. ಮೈಕಿನ ಹುಡುಗನೂ ಬಂದು, ತಿಂಗಳ ಮೊದಲ ಶನಿವಾರ ಯಾರು ಬೇಕಾದರೂ ಮಾತಾಡಬಹುದು, ನೀವು ಬರಲೇಬೇಕು ಕಾಕೀ ಎಂದ. ನಾನು ಬಾಗಿಲಲ್ಲಿ ಕಾದೆ. ಸುರಸಾಗರಕ್ಕೆ ಈಗಲಾದರೂ ಕರೆದುಕೊಂಡು ಹೋಗೋಣವೆಂದು, "ಹೋಪನಾ?" ಎಂದು ಕೇಳಿದೆ.

"ಐದ್ ನಿಮಿಷ," ಎಂದಳು ತಿರುಗಿಯೂ ನೋಡದೆ. ನಾನು ಅರ್ಧ ಗಂಟೆ ನಿಂತೆ. ಐದು ನಿಮಿಷ ಎಂಬುದು ಕಾಯುವವನ ಕಡೆಯಿಂದ ಎಷ್ಟು ಉದ್ದವಿದೆಯೆಂದು ಆಗ ಗೊತ್ತಾಯಿತು. ಕೊನೆಗೂ ಹೋಗಿ ಕೆರೆ ನೋಡಿದೆವು. ಅವಳು ನೀರು ನೋಡಿದಳು, ನಾನು ಅವಳನ್ನು ನೋಡಿದೆ. ಹೋಟೆಲಿಗೆ ಮರಳಿದರೆ, ನಾನಿಲ್ಲದೆ ಏನೂ ಕೆಟ್ಟಿರಲಿಲ್ಲ. ಖಾಯಂ ಗಿರಾಕಿಯೊಬ್ಬರು ಇವತ್ತು ದೋಸೆ ಬೇಗ ಬಂತು ಎಂದರಂತೆ. ನಿಧಿ ಅದನ್ನು ನನಗೆ ಮೂರು ಸಲ ಹೇಳಿದಳು.

ಕಡೀ ಸಲ ಎಂದ ಮಾತು ಬೇರೆ ರೀತಿಯಲ್ಲಿ ನಿಜವಾಯಿತು. ಜಲಜಾ ಆಮೇಲೆ ನನ್ನನ್ನು ಕೇಳಿಯೇ ಇಲ್ಲ. ಮೊದಲ ಶನಿವಾರ ಬಂತೆಂದರೆ ಹಸಿರು ಸೀರೆ ಉಟ್ಟು, ಮಗಳ ಸ್ಕೂಟರ್ ಹತ್ತಿ ಹೊರಟುಬಿಡುತ್ತಾಳೆ. ಈಗ ಕೇಳುವವನು ನಾನು. ಹೋದ ತಿಂಗಳು ಅಂಗಿ ಇಸ್ತ್ರಿ ಮಾಡಿಸಿ, ತಲೆ ಬಾಚಿ, ನಾನೂ ಬರುತ್ತೇನೆ, ಬಾಗಿಲಿಗೆ ಬೆನ್ನು ಹಾಕಿ ಕೂರುವುದನ್ನು ಮನೆಯಲ್ಲಿ ದಿನಾ ಅಭ್ಯಾಸ ಮಾಡುತ್ತಿದ್ದೇನೆ, ಈಗ ಅರ್ಧ ಗಂಟೆ ಕೂರಬಲ್ಲೆ ಎಂದೆ.

ಅವಳು ಗಾಬರಿಯಾದಳು. "ಅಯ್ಯೋ, ಹಾಂಗೆಲ್ಲ ಮಾಡ್ಬೇಡಿ ಮಾರಾಯ್ರೆ! ನೀವ್ ಗಲ್ಲಾದ್ ಮೇಲೇ ಕೂಕಣಿ. ನೀವ್ ಸರಿ ಆದ್ರೆ ನಾನ್ ಅಲ್ಲ್ ಹೋಯಿ ಮೈಕಿನಗೆ ಎಂತ ಹೇಳುದ್?"

ಹಾಗಾಗಿ ಗಲ್ಲಾದ ಮೇಲೆ ಕೂತಿದ್ದೇನೆ, ಬಾಗಿಲ ಕಡೆಗೇ ಮುಖ. ಆ ಶನಿವಾರಗಳಲ್ಲಿ ಒಳಗೆ ಬರುವ ಗಿರಾಕಿಗಳನ್ನು ಕರೆಯಲು ಮರೆಯುತ್ತದೆ. ಅವರು ತಾವೇ ಜಾಗ ಹುಡುಕಿಕೊಂಡು ಕೂರುತ್ತಾರೆ, ಅವರಿಗೆ ಅಷ್ಟು ಬರುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. ನಾನು ಮಾತ್ರ ಅವರ ತಲೆಗಳ ಮೇಲಿಂದ ಇಣುಕಿ, ಹಸಿರು ಸೀರೆ ಬಂತೇ ಎಂದು ನೋಡುತ್ತಿರುತ್ತೇನೆ.