ಹದಿನಾಲ್ಕು ಕುರ್ಚಿ, ಒಂದು ಸೀನು

ಈ ನಗರದಲ್ಲಿ ನಾನು ಕಾಲಿಡದ ರಂಗವಿಲ್ಲ ಎಂದರೆ ಅದು ಜಂಬವಲ್ಲ, ಮಾಹಿತಿ. ಇಪ್ಪತ್ತೆಂಟು ವರ್ಷ ಭಾನುವಾರದ ಪುರವಣಿಗೆ ಬರೆದವನು ನಾನು. ಸಾವಿರ ಕುರ್ಚಿಯ ಸಭಾಂಗಣಗಳ ಮಾತು ಬಿಡಿ, ಅವು ಕಣ್ಣಿದ್ದವರಿಗೆಲ್ಲ ಕಾಣುತ್ತವೆ. ನನ್ನ ಸಾಮ್ರಾಜ್ಯ ಸಂದಿಗೊಂದಿಗಳದು!

ಹಳೆಯ ಕ್ಷೌರದಂಗಡಿಯೊಂದರಲ್ಲಿ ನಗೆರಂಗವಿದೆ. ಪ್ರೇಕ್ಷಕರು ಕೂರುವುದು ಅದೇ ತಿರುಗುವ ಕುರ್ಚಿಗಳಲ್ಲಿ. ಜೋಕು ಹಿಡಿಸದವರು ಗೋಡೆಯ ಕಡೆ ತಿರುಗಿಬಿಡುತ್ತಾರೆ. ಆದರೆ ಗೋಡೆ ತುಂಬ ಕನ್ನಡಿ, ಹಾಗಾಗಿ ಅವರ ಮುಖ ಕಲಾವಿದನಿಗೆ ಆಗಲೂ ತಪ್ಪುವುದಿಲ್ಲ. ಬೇಕರಿಯ ಮೇಲಿನ ಅಟ್ಟದಲ್ಲಿ ಒಬ್ಬ ಜಾದೂಗಾರನಿದ್ದಾನೆ. ಕೆಳಗೆ ಬ್ರೆಡ್ಡು ಹೊರಬಂತೆಂದರೆ ಮೇಲೆ ಟೋಪಿಯಲ್ಲಿರಬೇಕಾದ ಪಾರಿವಾಳ ನಿಜವಾಗಿಯೂ ಮಾಯ! ಇನ್ನೊಂದು ಕಡೆ ಮೂವರು ಅಕ್ಕತಂಗಿಯರು ಐದು ಮಹಡಿಯ ಮೆಟ್ಟಿಲಸಾಲಿನಲ್ಲಿ ಹಾಡುತ್ತಾರೆ. ಒಬ್ಬಳು ತಳದಲ್ಲಿ, ಒಬ್ಬಳು ತುದಿಯಲ್ಲಿ, ಒಬ್ಬಳು ನಡುವೆ. ಒಬ್ಬರಿಗೊಬ್ಬರು ಕಾಣುವುದಿಲ್ಲ. ಮೂರನೆಯ ಮಹಡಿಯ ಮೆಟ್ಟಿಲ ಮೇಲೆ ಕೂತವನಿಗೆ ಮೂರು ಕೊರಳೂ ಎದೆಯ ಹತ್ತಿರ ಬಂದು ಒಂದಾಗುತ್ತವೆ. ಅಲ್ಲಿಂದ ಎದ್ದು ಬಂದಾಗ ನಾನು ಎರಡು ದಿನ ಯಾರನ್ನೂ ಟೀಕಿಸಿರಲಿಲ್ಲ.

ಇಂಥ ನಾನು ಒಂದು ಬೆಳಿಗ್ಗೆ ಘೋರ ಪ್ರತಿಜ್ಞೆ ಮಾಡಿದೆ: ಶನಿವಾರಕ್ಕೊಂದರಂತೆ ನನ್ನ ಹೆಂಡತಿಗೆ ಈ ಪುಟ್ಟ ರಂಗಗಳನ್ನೆಲ್ಲ ತೋರಿಸುವುದು, ಜೊತೆಗೆ, ನೋಡುವುದು ಹೇಗೆ ಎಂಬ ವಿದ್ಯೆಯನ್ನೂ ಧಾರೆಯೆರೆಯುವುದು!

“ಸಣ್ಣ ಜಾಗದಲ್ಲಿ ಪ್ರೇಕ್ಷಕ ಇದ್ದೂ ಇಲ್ಲದ ಹಾಗಿರಬೇಕು,” ಎಂದು ಪಾಠ ಶುರುಮಾಡಿದೆ.

“ಮನೇಲಿ ನೀವಿರೋ ಹಾಗಾ?”

“ಉಸಿರೂ ಕೇಳಬಾರದು.”

“ಉಸಿರಿನ ಮಾತಿರಲಿ ರೀ, ನಿಮ್ಮ ಸೀನಿಗೇನು ಮಾಡ್ತೀರಿ?”

ಅದೊಂದು ನನ್ನ ಮರ್ಮಸ್ಥಾನ. ನಾನು ಸೀನಿದರೆ ಕೆಳಗಿನ ಮನೆಯವರು ಮಗುವನ್ನು ಮತ್ತೆ ಮಲಗಿಸಬೇಕಾಗುತ್ತದೆ. ಆದರೂ ಗಾಂಭೀರ್ಯ ಬಿಡದೆ ಹೇಳಿದೆ: “ಇಪ್ಪತ್ತೆಂಟು ವರ್ಷದಲ್ಲಿ ಒಂದು ಪ್ರದರ್ಶನದಲ್ಲೂ ಸೀನಿಲ್ಲ ನಾನು. ಅದು ಸಂಯಮ.”

“ಹೌದೌದು. ಎಲ್ಲಾ ಕೂಡಿಟ್ಕೊಂಡು ಮನೆಗೇ ತರ್ತೀರಿ.”

ಮೊದಲ ಶನಿವಾರ ಸಂಜೆ ಐದು ಗಂಟೆಗೆ ಆಕೆಯನ್ನು ಕರೆದುಕೊಂಡು ಹೋದದ್ದು ಹಳೆಯ ವಸತಿ ಕಟ್ಟಡವೊಂದರ ನೆಲಮಾಳಿಗೆಗೆ. ಅಲ್ಲಿ ಅಂದಷ್ಟೇ ಶುರುವಾಗುತ್ತಿದ್ದ, ನನಗೂ ಹೊಸದಾದ ಕಾಗದದ ರಂಗ. ನಡೆಸುವವರು ಅರವತ್ತು ದಾಟಿದ ಒಬ್ಬ ಹೆಂಗಸು. ಮೂರು ದಶಕ ಪುಸ್ತಕಗಳಿಗೆ ರಟ್ಟು ಹಾಕಿ ಹೊಲಿದವರು. ಎಲ್ಲರೂ ಬೈಂಡಿಂಗ್ ಅಕ್ಕ ಎನ್ನುತ್ತಾರೆ. ಕೋಣೆಯಲ್ಲಿ ಹದಿನಾಲ್ಕು ಕುರ್ಚಿ, ಒಂದರಂತೆ ಇನ್ನೊಂದಿಲ್ಲ. ಆಕೆ ಕೆಲಸ ಮಾಡುತ್ತಿದ್ದ ಮೇಜೇ ವೇದಿಕೆ. ಎರಡು ಓದುವ ದೀಪಗಳೇ ಬೆಳಕು.

ಆ ಮೇಜಿನ ಮೇಲೆ ಒಂದು ರಾಜಧಾನಿ ನಿಂತಿತ್ತು. ನಾನು ಬಹಳ ನೋಡಿದ್ದೇನೆ, ಇಂಥದ್ದನ್ನು ನೋಡಿರಲಿಲ್ಲ. ಪುಸ್ತಕದ ಅಂಚು ಕತ್ತರಿಸಿದಾಗ ಉಳಿಯುತ್ತದಲ್ಲ, ಆ ಬೆರಳಗಲದ ಕಾಗದದ ಪಟ್ಟಿಗಳಿಂದಲೇ ಕೋಟೆ, ಬುರುಜು, ಬೀದಿ, ಬೀದಿಯಲ್ಲಿ ಒಣಗಲು ಹಾಕಿದ ಬಟ್ಟೆ, ಬಟ್ಟೆಯ ನೆರಳಿನಲ್ಲಿ ಬೆಕ್ಕು. ಕೋಟೆಯ ಸುತ್ತ ಇನ್ನೂರ ಹನ್ನೆರಡು ಸೈನಿಕರು, ಒಬ್ಬೊಬ್ಬನೂ ಹೆಬ್ಬೆರಳೆತ್ತರ. ಯಾವುದಕ್ಕೂ ಗೋಂದಿಲ್ಲ. ಮಡಿಸಿದ ಪಾದದ ಮೇಲೆ ತಾವೇ ನಿಂತಿದ್ದವು. ಊರಾಚೆ ಒಂದು ಗುಡಿಸಲು ಮಾತ್ರ ದಪ್ಪ ರಟ್ಟಿನದು.

“ಗೋಂದು ಯಾಕೆ ಹಾಕಿಲ್ಲ?” ಎಂದು ವರದಿಗಾರನ ಅಭ್ಯಾಸಬಲದಿಂದ ಕೇಳಿದೆ.

“ಅಂಟಿಸಿದ್ರೆ ಅದು ಬರೀ ಬೊಂಬೆ ಸಾರ್. ಅಂಟಿಸದೇ ಇದ್ರೆ, ನಿಂತಿರೋಕೆ ಅದು ಪಡೋ ಕಷ್ಟ ಇದೆಯಲ್ಲ, ಅದು ನೋಡೋರಿಗೆ ಕಾಣುತ್ತೆ.”

ಈ ಕೋಣೆ ಆಕೆಗೆ ಸಿಕ್ಕಿದ್ದು ಎರಡು ಶನಿವಾರದ ಮಟ್ಟಿಗೆ. ಕಟ್ಟಡದ ಸಮಿತಿಯ ಸೆಕ್ರೆಟರಿಗೆ ಇಲ್ಲಿ ನೀರಿನ ಪೈಪು ಪೇರಿಸುವ ಆಸೆ. ಎರಡನೆಯ ಪ್ರದರ್ಶನವನ್ನು ತಾವೇ ಬಂದು ನೋಡಿ, ಕಾಗದವೋ ಪೈಪೋ ತೀರ್ಮಾನಿಸುವುದಾಗಿ ಹೇಳಿದ್ದರಂತೆ. ಇದನ್ನು ಹೇಳುವಾಗ ಅಕ್ಕನ ಕೈ ಒಬ್ಬ ಸೈನಿಕನನ್ನು ಸುಮ್ಮನೆ ಸರಿಮಾಡುತ್ತಿತ್ತು. ಅವನು ಸರಿಯಾಗಿಯೇ ನಿಂತಿದ್ದ. “ಈ ಮೇಜು ಮನೆ ಬಾಗಿಲಲ್ಲಿ ಹಿಡಿಯಲ್ಲ ಸಾರ್. ಇಲ್ಲಿಂದ ಎಬ್ಬಿಸಿದ್ರೆ ಊರನ್ನೇ ಮಡಚಬೇಕು.”

ಕಥೆ ಶುರುವಾಯಿತು. ಒಬ್ಬ ಗರ್ವಿಷ್ಠ ರಾಜ, ಅವನ ಅಭೇದ್ಯ ಕೋಟೆ, ಮುಂದೆ ನೆರೆರಾಜ್ಯದ ಜೊತೆ ಯುದ್ಧ. ಚಿಮುಟದ ತುದಿಯಲ್ಲಿ ರಾಜ ಬುರುಜನ್ನೇರಿದ. “ನನ್ನ ಕೋಟೆಯನ್ನು ಅಲುಗಿಸುವವರು ಯಾರಿದ್ದಾರೆ?” ಎಂದು ಗರ್ಜಿಸಿದ.

ಆ ಹೊತ್ತಿಗೆ ಸರಿಯಾಗಿ, ಮೂವತ್ತು ವರ್ಷದ ಕಾಗದದ ದೂಳಿನ ಒಂದೇ ಒಂದು ಕಣ ನನ್ನ ಮೂಗನ್ನು ಪ್ರವೇಶಿಸಿತು. ಇಪ್ಪತ್ತೆಂಟು ವರ್ಷದ ಸಂಯಮ ಒಟ್ಟುಗೂಡಿ ಎದ್ದು ನಿಂತಿತು.

“ಆ… ಆ… ಆಕ್ಷೀ!”

ಕೋಟೆ ಹೋಯಿತು. ಬುರುಜು ಹೋಯಿತು. ಇನ್ನೂರ ಹನ್ನೆರಡು ವೀರರು ಒಂದೇ ದಿಕ್ಕಿಗೆ ತಲೆಯಿಟ್ಟು ಮಲಗಿದರು. ಬೆಕ್ಕು ಹಾರಿ ನನ್ನ ಹೆಂಡತಿಯ ಮಡಿಲಿಗೆ ಬಿತ್ತು. ಒಂದು ಸೀನು ಇಡೀ ಸೀನನ್ನೇ ಗುಡಿಸಿ ಹಾಕಿತ್ತು! ಹದಿಮೂರು ತಲೆ ನನ್ನ ಕಡೆ ತಿರುಗಿದವು. ಭೂಮಿ ಬಾಯಿ ಬಿಡಲಿ ಎಂದುಕೊಂಡೆ. ಆದರೆ ನಾವು ಆಗಲೇ ನೆಲಮಾಳಿಗೆಯಲ್ಲಿದ್ದೆವು.

ಅಕ್ಕನ ದನಿ ಕೂದಲೆಳೆಯಷ್ಟೂ ನಡುಗಲಿಲ್ಲ. “ಬಿರುಗಾಳಿ,” ಎಂದರು ಮೆಲ್ಲಗೆ. “ಗಾಳಿಗೆ ಕೋಟೆಯ ಹೆಸರು ಗೊತ್ತಿರೋದಿಲ್ಲ ಅಂತ ರಾಜನಿಗೆ ಯಾರೂ ಹೇಳಿರಲಿಲ್ಲ.”

ಬಿದ್ದ ರಾಶಿಯಿಂದ ರಾಜನನ್ನು ಚಿಮುಟದಲ್ಲಿ ಹೆಕ್ಕಿದರು. ಅವನನ್ನು ಮಲಗಿದ ಸೈನಿಕರ ನಡುವೆ ಒಂದೊಂದೇ ಹೆಜ್ಜೆ ನಡೆಸಿದರು. ನಿಂತಿದ್ದದ್ದು ರಟ್ಟಿನ ಗುಡಿಸಲೊಂದೇ. ರಾಜ ಬಾಗಿಲು ತಟ್ಟಿದ. ಒಳಗಿನಿಂದ ಮುದುಕಿಯ ದನಿ: “ಬಾಪ್ಪಾ. ಬಾಗಿಲು ಗಿಡ್ಡ. ಕಿರೀಟ ಹೊರಗಿಟ್ಟು ಬಾ.”

ದೀಪ ಆರಿತು. ಆಗ ಮೊಳಗಿದ ಚಪ್ಪಾಳೆಗೆ ಮಲಗಿದ್ದ ಸೈನಿಕರು ಮತ್ತೊಮ್ಮೆ ಹೊರಳಿದರು.

ನಾನು ಕಳ್ಳಹೆಜ್ಜೆಯಲ್ಲಿ ಬಾಗಿಲು ಸೇರುವಷ್ಟರಲ್ಲಿ ಅಕ್ಕ ತಡೆದರು.

“ಸಾರ್, ನಿಲ್ಲಿ.”

“ಕ್ಷಮೆ ಇರಲಿ ಅಕ್ಕ, ನಾನು…”

“ಕ್ಷಮೆ ಇಟ್ಕೊಂಡು ಏನು ಮಾಡ್ಲಿ? ನನಗೆ ಸೀನು ಬೇಕು. ಮುಂದಿನ ಶನಿವಾರ, ಇದೇ ಮಾತಿಗೆ, ಇದೇ ಕುರ್ಚೀಲಿ.”

“ಒಂದು ಫ್ಯಾನು ಇಟ್ಟರಾಗದೆ?” ಎಂದೆ.

“ಫ್ಯಾನು ಶುರುವಾಗೋದು ಎಲ್ರಿಗೂ ಮೊದಲೇ ಗೊತ್ತಾಗುತ್ತೆ. ಕೈಯಿಂದ ತಳ್ಳಿದ್ರೆ ತಳ್ಳಿದ ಹಾಗೇ ಕಾಣುತ್ತೆ. ನಿಮ್ಮದು ಒಂದೇ ಸಲ, ಒಂದೇ ಕಡೆಯಿಂದ, ಹೇಳದೆ ಕೇಳದೆ ಬಂತು. ಯುದ್ಧದ ಭಾಗ ಕಿತ್ತು ಹಾಕ್ತೀನಿ. ಇನ್ನು ನನ್ನ ಕೋಣೆ ನಿಮ್ಮ ಮೂಗಲ್ಲಿದೆ ಸಾರ್.”

ದಾರಿಯುದ್ದಕ್ಕೂ ನಾನು ನೆಲದಿಂದ ನಾಲ್ಕು ಬೆರಳು ಮೇಲೆ ನಡೆದೆ. “ಗೊತ್ತಾಯ್ತೇನೇ? ಕಲಾವಿದ ನಾನು ಈಗ. ಬಿರುಗಾಳಿಯ ಪಾತ್ರ!”

“ಮೂವತ್ತು ವರ್ಷದಿಂದ ಪಾತ್ರೆಗೆ ಕೈ ಹಾಕಿದವರಲ್ಲ. ಪಾತ್ರಕ್ಕಾದ್ರೂ ಹಾಕಿ,” ಎಂದಳು ಹೆಂಡತಿ.

ಭಾನುವಾರ ಬೆಳಿಗ್ಗೆ ಅಭ್ಯಾಸಕ್ಕೆ ಕೂತೆ. ಸೀನು ಬರಲಿಲ್ಲ. ಸೋಮವಾರ ಕಾಳುಮೆಣಸಿನ ಪುಡಿ ಮೂಸಿದೆ. ಕಣ್ಣು ಸುರಿಯಿತು, ಕಿವಿ ಉರಿಯಿತು, ಮೂಗು ಮಾತ್ರ ಸ್ಥಿತಪ್ರಜ್ಞ. ಮಂಗಳವಾರ ನೆಗಡಿಯಾಗಲೆಂದು ತಣ್ಣೀರು ಸ್ನಾನ ಮಾಡಿದೆ. ಎಂದೂ ಇಲ್ಲದ ಚೈತನ್ಯ ಬಂತು! ಬುಧವಾರ ಬಾಯಿ ತೆರೆದು ಸೂರ್ಯನ ಕಡೆ ನೋಡುತ್ತ ಬಾಲ್ಕನಿಯಲ್ಲಿ ನಿಂತಿದ್ದೆ. ಪಕ್ಕದ ಮನೆಯವರು ಹೆಂಡತಿಯನ್ನು ಕರೆದು, “ಯಜಮಾನರು ಹುಷಾರಾಗಿದ್ದಾರೆ ತಾನೆ?” ಎಂದು ಪಿಸುಗುಟ್ಟಿದರು.

ಗುರುವಾರ ಆಕೆಯೇ ಉಪಾಯ ಹೇಳಿದಳು. “ದೂಳಿಗೆ ತಾನೆ ಬಂದಿದ್ದು? ಆ ಬೀರು ಮೇಲೆ ಒರೆಸಿ ನೋಡಿ.”

ಒರೆಸಿದೆ. ಬರಲಿಲ್ಲ.

“ಬೀರು ಹಿಂದೆ?”

ಬೀರುವನ್ನು ಎಳೆದು ಒರೆಸಿದೆ.

“ಅಟ್ಟದಲ್ಲಿ ಖಂಡಿತ ಬರುತ್ತೆ ರೀ. ಪೆಟ್ಟಿಗೆಗಳನ್ನೂ ಕೆಳಗಿಳಿಸಿಬಿಡಿ. ಹಾಗೇ ಆ ಮೂಲೇಲಿ ಜೇಡರಬಲೆ ಇದೆ, ಅದರಲ್ಲೂ ಒಂದು ಕೈ ನೋಡಿ.”

ಶುಕ್ರವಾರ ಸಂಜೆಯ ಹೊತ್ತಿಗೆ ಇಡೀ ಮನೆಯಲ್ಲಿ ಸೀನಲು ಒಂದು ಹಿಡಿ ದೂಳು ಉಳಿದಿರಲಿಲ್ಲ. ಹೆಂಡತಿ ಫಳಫಳಿಸುವ ಗಾಜಿನ ಮುಂದೆ ನಿಂತು, “ಎಂಥಾ ಕಲೆ ರೀ ಇದು!” ಎಂದಳು.

ಶನಿವಾರ ಬಂದೇ ಬಂತು. ಮುಂದಿನ ಸಾಲಿನ ನಡುವೆ ಸೆಕ್ರೆಟರಿ. ದಪ್ಪ ಮೈ, ಮಡಿಲಲ್ಲಿ ಪೈಪಿನ ಅಳತೆಯ ಕಾಗದ. ಹನ್ನೊಂದು ವರ್ಷದ ಸಭೆಗಳಲ್ಲಿ ಆತ ಒಮ್ಮೆಯೂ ನಕ್ಕದ್ದಿಲ್ಲವಂತೆ. ಬಲತುದಿಯಲ್ಲಿ ನಾನು, ಕರವಸ್ತ್ರದೊಳಗೆ ಮೆಣಸಿನ ಪುಡಿ. ನನ್ನ ಹಿಂದೆ ಹೆಂಡತಿ. ಅಕ್ಕ ನನ್ನ ಕಡೆ ನೋಡಿ ತುಸುವೇ ತಲೆಯಾಡಿಸಿದರು.

ರಾಜ ಬುರುಜನ್ನೇರಿದ. “ನನ್ನ ಕೋಟೆಯನ್ನು ಅಲುಗಿಸುವವರು ಯಾರಿದ್ದಾರೆ?”

ಕರವಸ್ತ್ರ ಮೂಗಿಗಿಟ್ಟೆ. ಎಳೆದೆ. ಏನೂ ಇಲ್ಲ.

“ಯಾರಿದ್ದಾರೆ?” ಎಂದ ರಾಜ ಎರಡನೆಯ ಸಲ.

“ಆ…” ಎಂದೆ. ಅಷ್ಟಕ್ಕೇ ನಿಂತಿತು.

ಸೆಕ್ರೆಟರಿ ಗಡಿಯಾರ ನೋಡಿಕೊಂಡರು, ಅಳತೆಯ ಕಾಗದ ಬಿಡಿಸಿದರು. ಅಕ್ಕನ ಚಿಮುಟದ ತುದಿಯಲ್ಲಿ ರಾಜ ನಡುಗುತ್ತಿದ್ದ. ಮೂರನೆಯ ಸಲ ಅವನ ದನಿಯಲ್ಲಿ ಗರ್ವವಿರಲಿಲ್ಲ, ಗೋಗರೆತವಿತ್ತು: “ಯಾರೂ… ಇಲ್ಲವೇ?”

“ಆ… ಆ… ಆ…” ನನ್ನ ಬಾಯಿ ಪೂರ್ತಿ ತೆರೆಯಿತು, ಕಣ್ಣು ಮುಚ್ಚಿತು, ಹುಬ್ಬು ಹಣೆಯೇರಿತು. ಕೋಣೆಯೇ ಉಸಿರು ಹಿಡಿಯಿತು. ನಾನು ನಿಧಾನವಾಗಿ ಬಾಯಿ ಮುಚ್ಚಿದೆ.

ಆಗ ಹಿಂದಿನಿಂದ, ಮನೆಯಲ್ಲಿ ದಿನವೂ ಅಡುಗೆಮನೆಯಿಂದ ಕೇಳಿಬರುವ ಅದೇ ತಣ್ಣನೆಯ ದನಿ ಬಂತು:

“ನೋಡಿದ್ರಾ! ಬೇಡ ಅಂದ ದಿನ ಊರು ಕೊಚ್ಚಿ ಹೋಗೋ ಹಾಗೆ ಸುರೀತಾರೆ. ಬೇಕು ಅಂದ ದಿನ ಬರೀ ಮೋಡ! ಮೂವತ್ತು ವರ್ಷದಿಂದ ಈ ಮೋಡ ನೋಡ್ಕೊಂಡೇ ಬಟ್ಟೆ ಒಣಗಿಸ್ತಿದ್ದೀನಿ!”

ಆಮೇಲೆ ಸೆಕ್ರೆಟರಿಯ ಹೊಟ್ಟೆಯ ತಳದಲ್ಲಿ ಎಲ್ಲೋ ಒಂದು ಪೈಪು ಒಡೆಯಿತು. “ಹ್ಹೋ!” ಎಂದರು. ಹನ್ನೊಂದು ವರ್ಷದ ನಗು ಅದು! ನೇರ ಎದುರಿಗೆ, ಮೂರಡಿ ದೂರದಿಂದ, ಕೋಟೆಯ ಹೆಬ್ಬಾಗಿಲಿಗೇ ಬಡಿಯಿತು. ಇಡೀ ಕೋಣೆ ಅದರ ಹಿಂದೆ ನಕ್ಕಿತು. ಬುರುಜು ಬಾಗಿತು, ಗೋಡೆ ಅಲೆಯಂತೆ ಮಡಚಿಕೊಂಡಿತು, ಇನ್ನೂರ ಹನ್ನೆರಡು ಸೈನಿಕರು ಸಾಲುಸಾಲಾಗಿ, ನಮಸ್ಕಾರ ಮಾಡುವವರಂತೆ, ಮುಗ್ಗರಿಸಿದರು. ನನ್ನ ಸೀನಿಗೆ ಅವರು ಸತ್ತಿದ್ದರು. ಈ ನಗೆಗೆ ಸೋತರು. ಎಷ್ಟು ವ್ಯತ್ಯಾಸ! ನಾನು ಮೆಣಸು ಮೂಸಿದ್ದನ್ನೂ ಮರೆತು ನೋಡುತ್ತ ಕೂತೆ.

“ನಗೆಯ ಬಿರುಗಾಳಿ,” ಎಂದರು ಅಕ್ಕ. “ಕತ್ತಿಗೆ ಬೀಳದ ಕೋಟೆ ಒಂದು ಮನೆಮಾತಿಗೆ ಬಿತ್ತು.”

ರಾಜ ಗುಡಿಸಲಿನ ಬಾಗಿಲು ತಟ್ಟುವ ಹೊತ್ತಿಗೆ ಸೆಕ್ರೆಟರಿ ನಗುತ್ತಿರಲಿಲ್ಲ. ಅಳತೆಯ ಕಾಗದದಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

ದೀಪ ಹೊತ್ತಿದಾಗ ಆ ದೊಡ್ಡ ಮನುಷ್ಯ ನೆಲದ ಮೇಲೆ ಮೊಣಕಾಲೂರಿ ಸೈನಿಕರನ್ನು ಒಬ್ಬೊಬ್ಬನಾಗಿ ಹೆಕ್ಕುತ್ತಿದ್ದರು. “ಅಮ್ಮಾ, ಇವನನ್ನ ಬೀಳಿಸಿದ್ದು ನಾನೇ ಅಲ್ವಾ?” ಎಂದು ಅಕ್ಕನನ್ನು ಕೇಳಿ ಖಾತ್ರಿಪಡಿಸಿಕೊಂಡರು. ಆಮೇಲೆ ಎದ್ದು ಗಂಟಲು ಸರಿಮಾಡಿ ತೀರ್ಪು ಕೊಟ್ಟರು: “ಪೈಪು ತಾರಸಿ ಮೇಲಿಡೋಣ. ಕೋಣೆ ನಿಮ್ಮದೇ. ಆದ್ರೆ ಹಿಂದೆ ಕೂತಿದ್ದ ಆ ತಾಯಿ ಪ್ರತಿ ಶನಿವಾರ ಬರ್ತಾರೆ ತಾನೆ?”

ನಾನು ಎದೆಯುಬ್ಬಿಸಿ, “ನಮ್ಮದೇನು, ಖಂಡಿತ ಬರ್ತೀವಿ,” ಎಂದೆ.

“ನೀವೂ ಬನ್ನಿ ಸಾರ್,” ಎಂದರು ಅಕ್ಕ ಅಂತಃಕರಣದಿಂದ. “ಅವರು ಬೈಯೋಕೆ ಯಾರಾದ್ರೂ ಬೇಕಲ್ಲ.”

ಈಗ ನಾಲ್ಕು ತಿಂಗಳಾಯಿತು. ಹದಿನಾಲ್ಕು ಕುರ್ಚಿಗೆ ಮೂರು ವಾರ ಮೊದಲೇ ಹೆಸರು ಬರೆಸಬೇಕು. ನಾನು ಬಲತುದಿಯಲ್ಲಿ ಕೂತು ಬಾಯಿ ತೆರೆದು ಮುಚ್ಚುತ್ತೇನೆ. ಆಕೆ ವಾರಕ್ಕೊಂದು ಹೊಸ ಮಾತು ಹೇಳುತ್ತಾಳೆ. ಒಂದನ್ನೂ ಎರಡನೆಯ ಸಲ ಹೇಳಿದ್ದಿಲ್ಲ. ನಾನು ಇಪ್ಪತ್ತೆಂಟು ವರ್ಷ ಬರೆದ ಯಾವ ವಾಕ್ಯಕ್ಕೂ ಒಂದು ಕೋಟೆ ಹೋಗಲಿ, ಒಬ್ಬ ಕಾಗದದ ಸಿಪಾಯಿಯೂ ಅಲುಗಿರಲಿಕ್ಕಿಲ್ಲ!

ಆದರೆ ಮನೆಯಲ್ಲಿ ಒಂದು ಭಯಂಕರ ಬದಲಾವಣೆಯಾಗಿದೆ. ಮೊನ್ನೆ ಬುಧವಾರ ಹಾಲು ಒಲೆಯ ಮೇಲಿಟ್ಟು ಮರೆತೆ. ಹಾಲು ಉಕ್ಕಿ, ಪಾತ್ರೆ ಸೀದು, ಹೊಗೆ ಪಡಸಾಲೆಗೆ ಬಂತು. ಹೆಂಡತಿ ಬಂದು ನಿಂತಳು. ನೋಡಿದಳು. ಒಂದೂ ಮಾತಿಲ್ಲ.

“ಏನಾದರೂ ಅನ್ನೇ ಮಾರಾಯ್ತಿ!” ಎಂದು ಗೋಗರೆದೆ.

ಆಕೆ ಹಾಲಿನ ಲೆಕ್ಕದ ಚೀಟಿಯ ಹಿಂದೆ ಏನೋ ಗೀಚಿಕೊಂಡು, ಮಡಿಸಿ ಪರ್ಸಿಗೆ ಹಾಕಿಕೊಂಡಳು.

“ಇಲ್ಲಿ ಒಬ್ಬರ ಮುಂದೆ ಯಾಕೆ ದಂಡ ಮಾಡ್ಲಿ ರೀ? ಶನಿವಾರಕ್ಕಿರಲಿ.”