ಹಾಡುವ ವಾಲ್ವು

ಹಳೇ ಸಾಮಾನನ್ನು ಮನೆಗೆ ಹೊತ್ತು ತರುವ ಗಂಡಸು ನಗೆಪಾಟಲಾಗಲು ಬೇರೇನೂ ಮಾಡಬೇಕಾಗಿಲ್ಲ. ಸಾಮಾನೇ ಆ ಕೆಲಸ ನೋಡಿಕೊಳ್ಳುತ್ತದೆ.

ನಾನು ಪೀಣ್ಯದಲ್ಲಿ ಮೋಟಾರ್ ವೈಂಡಿಂಗ್ ಶೆಡ್ಡಿನ ಸೂಪರ್‌ವೈಸರ್. ಹುಡುಗಾಟದ ವಯಸ್ಸಿನಲ್ಲಿ ಗಣಪತಿ ಪೆಂಡಾಲುಗಳ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತಿದ್ದೆ. ಅದನ್ನು ನಡೆಸುತ್ತಿದ್ದವರು ಈಚೆಗೆ ಗೋಡೌನ್ ಖಾಲಿ ಮಾಡುವಾಗ ಅಂದಿನ ಗಿಟಾರ್ ಆಂಪ್ಲಿಫೈಯರನ್ನು "ನೀನೇ ತಗೊಂಡು ಹೋಗಪ್ಪ" ಎಂದು ಕೊಟ್ಟುಬಿಟ್ಟರು. ಅದರೊಳಗೆ ಚಿಪ್ಪು ಗಿಪ್ಪು ಇಲ್ಲ. ಹಳೇ ರೇಡಿಯೋಗಳಲ್ಲಿ ಇರುತ್ತಿದ್ದಂಥ ಗಾಜಿನ ಟ್ಯೂಬುಗಳು. ಹಳಬರು ವಾಲ್ವು ಅನ್ನುತ್ತಾರೆ.

ದಾಸರಹಳ್ಳಿಯ ನಮ್ಮ ಬಾಡಿಗೆ ಮನೆಯ ಹಾಲ್‌ನಲ್ಲಿ ಅದನ್ನು ಇಳಿಸಿದಾಗ ಹೆಂಡತಿ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು. "ಸಂಕ್ರಾಂತಿಯೊಳಗೆ ಇದ್ರಿಂದ ಮನೆಗೇನು ಉಪಯೋಗ ಅಂತ ತೋರಿಸಿ. ಇಲ್ಲಾಂದ್ರೆ ಆಚೆ."

ಒಂದು ಸಲ ಅದರ ದನಿ ಕೇಳಿದರೆ ಅವಳೇ ಕರಗುತ್ತಾಳೆ ಅಂದುಕೊಂಡೆ. ಮದುವೆಯಾಗಿ ಇಪ್ಪತ್ತಾರು ವರ್ಷವಾದರೂ ನನಗೆ ಬುದ್ಧಿ ಬಂದಿಲ್ಲ.

೧. ಎಷ್ಟು ಇಂಚು?

ಎರಡು ವಾಲ್ವು ಸುಟ್ಟುಹೋಗಿದ್ದವು. ಶೆಡ್ಡಿನ ಪಕ್ಕದ ಅಂಗಡಿಯ ಬೋರ್ಡಿನಲ್ಲಿ "ಎಲ್ಲಾ ಬಗೆಯ ವಾಲ್ವುಗಳು ದೊರೆಯುತ್ತವೆ" ಎಂದಿತ್ತು. ಆಸೆ ಹೆಚ್ಚು, ಯೋಚನೆ ಕಮ್ಮಿ. ಒಳಗೆ ಹೋದೆ.

"ಎಷ್ಟು ಇಂಚು ಸಾರ್? ಹಿತ್ತಾಳೆದಾ, ಕಬ್ಬಿಣದ್ದಾ?"

"ಗಾಜಿಂದು."

"ಗಾಜಿಂದಾ? ಪ್ರೆಶರ್ ತಡೆಯುತ್ತಾ? ಯಾವ್ ಲೈನಿಗೆ ಹಾಕ್ತೀರಾ?"

"ಲೈನಿಗಲ್ಲ, ಗಿಟಾರ್‌ಗೆ."

ಅಂಗಡಿಯವರು ಕನ್ನಡಕ ತೆಗೆದು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಗಿಟಾರ್‌ಗೆ ನೀರ್ಯಾಕೆ ಸಾರ್?"

೨. ನೀರು ಬಿಡಿ

ಕೊನೆಗೆ ಹಳೇ ರೇಡಿಯೋ ರಿಪೇರಿ ಮಾಡುತ್ತಿದ್ದ ವೃದ್ಧರೊಬ್ಬರು ಸಿಕ್ಕರು. ಹತ್ತಿಯಲ್ಲಿ ಸುತ್ತಿ ಕಾಪಾಡಿಕೊಂಡಿದ್ದ ಎರಡು ವಾಲ್ವುಗಳೊಂದಿಗೆ ಮನೆಗೇ ಬಂದರು. ಗೇಟಿನ ಹತ್ತಿರ ಮನೆ ಓನರ್ "ಯಾರಿವ್ರು?" ಅಂದರು. "ವಾಲ್ವ್ ನೋಡೋರು" ಎಂದು ಹೇಳಿ ನಾನು ಮಹಡಿ ಹತ್ತಿದೆ.

ನಮ್ಮ ಬೀದಿಗೆ ಕಾವೇರಿ ನೀರು ಬಂದು ಆರು ದಿನವಾಗಿತ್ತು, ನೀರು ಬಿಡುವವನನ್ನೂ ವಾಲ್ವಿನವನು ಅನ್ನುತ್ತಾರೆ ಎನ್ನುವುದು ನನಗೆ ಮರೆತೇಹೋಗಿತ್ತು.

ಹತ್ತು ನಿಮಿಷದಲ್ಲಿ ಮೆಟ್ಟಿಲ ಮೇಲೆ ಏಳು ಜನ ಹೆಂಗಸರು. ಇಬ್ಬರು ಸಾಕ್ಷಿಗೆಂದು ಖಾಲಿ ಕೊಡ ತಂದಿದ್ದರು. "ಮೇಲ್ಗಡೆ ಮನೆಗೆ ಮಾತ್ರ ಬಂದು ನೋಡ್ತೀರಾ? ನಾವೇನ್ ಮನುಷ್ಯರಲ್ವಾ?"

ವೃದ್ಧರು ಬೆದರಿ ಕೈಮುಗಿದರು. "ಅಮ್ಮಾ, ನಾನು ಆ ವಾಲ್ವಿನವನಲ್ಲ. ನಂದು ಹಾಡೋ ವಾಲ್ವು."

ಕೊಡ ಹಿಡಿದಿದ್ದ ಒಬ್ಬಾಕೆ ಹೇಳಿದಳು: "ಹಾಡಾದ್ರೂ ಹಾಡಿ, ಕುಣಿದಾದ್ರೂ ಕುಣೀರಿ. ನೀರು ಬಿಡಿ!"

೩. ಓಡುವ ಮೋಟ್ರು

ಅದೇ ಸಂಜೆ ಸ್ವಿಚ್ ಹಾಕಿದೆ. ಅರ್ಧ ನಿಮಿಷ ಏನೂ ಇಲ್ಲ. "ಟ್ಯೂಬ್ ಬಿಸಿ ಆಗ್ಬೇಕು" ಎಂದೆ. "ನಿಮ್ಮ ಹಾಗೇ, ಟ್ಯೂಬ್‌ಲೈಟು" ಎಂದಳು ಹೆಂಡತಿ.

ಆಮೇಲೆ ಬಂತು ನೋಡಿ ಸದ್ದು. ಗಿಟಾರಿನದಲ್ಲ, ಬರೀ ಗುಂಯ್ ಅನ್ನುವುದು. ನೆಲವೆಲ್ಲಾ ಜುಂ ಅಂದಿತು. ಕೆಳಗಿನಿಂದ ಓನರ್ ಕೂಗಿದರು: "ಯಾರ್ರೀ ನೀರಿನ ಮೋಟ್ರು ಆಕಿರೋದು? ಸಂಪಲ್ಲಿ ನೀರೇ ಇಲ್ಲ, ಸುಟ್ಟೋಗ್ತೈತೆ!"

ದಿನಾ ಮೋಟಾರಿಗೆ ತಂತಿ ಸುತ್ತಿಸುವ ನನಗೆ ಇದಕ್ಕಿಂತ ಅವಮಾನ ಬೇಕೆ? ನಾನು ಬಾಯಿ ಬಿಡುವ ಮೊದಲೇ ಅವರು ಸ್ವಿಚ್ ಬೋರ್ಡಿಗೆ ಓಡಿದ್ದರು. ಒಂದು ಕ್ಷಣ ಬಿಟ್ಟು ಮತ್ತೆ ಅವರ ದನಿ, ಈ ಸಲ ನಡುಗುತ್ತಿತ್ತು.

"ಆಫ್ ಮಾಡೇ ಐತೆ ಕಣ್ರೀ... ಆದ್ರೂ ಓಡ್ತಾನೇ ಐತಲ್ಲಾ!"

೪. ಬೆಚ್ಚಗಿನ ದನಿ

ವೃದ್ಧರು ಮತ್ತೆ ಬಂದು ಒಂದು ಕಂಡೆನ್ಸರ್ ಬದಲಾಯಿಸಿದ ಮೇಲೆ ಗುಂಯ್ ನಿಂತಿತು. ನನ್ನ ಹಳೇ ಗಿಟಾರ್ ಜೋಡಿಸಿ ಒಂದು ತಂತಿ ಮೀಟಿದೆ. ನನ್ನ ಇಪ್ಪತ್ತನೇ ವಯಸ್ಸೇ ಎದುರು ಬಂದು ಕೂತಂತಾಯಿತು, ಕಣ್ಣು ತುಂಬಿತು. "ಚೆನ್ನಾಗಿದೆ" ಎಂದಳು ಹೆಂಡತಿ. "ಉಪಯೋಗ?"

ಉಪಯೋಗ ಹುಡುಕುತ್ತಲೇ ಡಿಸೆಂಬರ್ ಕಳೆಯಿತು. ಹೊಸ ವಾಲ್ವುಗಳು ಹದಕ್ಕೆ ಬರಲು ದಿನಾ ಸಂಜೆ ಎರಡು ಗಂಟೆ ಆನ್ ಮಾಡಿಡಬೇಕು ಎಂದು ವೃದ್ಧರು ಹೇಳಿದ್ದರು, ಅದೊಂದನ್ನು ತಪ್ಪಿಸಲಿಲ್ಲ. ಹಬ್ಬ ಹತ್ತಿರ ಬಂದಾಗ ಮನಸ್ಸು ಗಟ್ಟಿ ಮಾಡಿ, ಹಳೇ ಆರ್ಕೆಸ್ಟ್ರಾದವರ ವಾಟ್ಸಾಪ್ ಗುಂಪಿಗೆ ಮಾರಾಟಕ್ಕಿದೆ ಎಂದು ಅದರ ಫೋಟೋ ಹಾಕಿದೆ. ಯಾರಿಂದಲೋ ಸುದ್ದಿ ತಿಳಿದು, ಭಾನುವಾರ ಬೆಳ್ಳಂದೂರಿನಿಂದ ಕಂಪ್ಯೂಟರ್ ಕಂಪನಿಯ ತರುಣನೊಬ್ಬ ತನ್ನ ಗಿಟಾರ್ ಸಮೇತ ಬಂದ. ಹೆಂಡತಿಗೆ ಏನೂ ಹೇಳಿರಲಿಲ್ಲ. ಹೇಳಿದರೆ ಖುಷಿಪಡುತ್ತಾಳೆ, ಅದನ್ನು ನೋಡಲು ನನ್ನಿಂದಾಗುತ್ತಿರಲಿಲ್ಲ.

ಅವನು ಕಣ್ಣು ಮುಚ್ಚಿ ಮೆಲ್ಲಗೆ ನುಡಿಸಿದ. "ಸಕ್ಕತ್ ವಾರ್ಮ್ ಆಗಿದೆ ಸಾರ್! ಇಷ್ಟು ಬೆಚ್ಚಗೆ ಈಗಿನ ಯಾವುದ್ರಲ್ಲೂ ಬರಲ್ಲ."

ಅಡುಗೆಮನೆಯಿಂದ ಹೆಂಡತಿ ಓಡಿಬಂದಳು. "ಅಲ್ವಾ? ನಿಮಗೂ ಗೊತ್ತಾಯ್ತಾ?"

ನಾನು ಬೆಪ್ಪಾದೆ. ಅವಳು ಆಂಪ್ಲಿಫೈಯರಿನ ಹಿಂದೆ ಬಗ್ಗಿ, ಬಟ್ಟೆ ಮುಚ್ಚಿದ್ದ ದೊಡ್ಡ ಪಾತ್ರೆಯನ್ನು ತೋರಿಸಿದಳು. "ಈ ಚಳೀಲಿ ಇಡ್ಲಿ ಹಿಟ್ಟು ಉಬ್ಬೋದೇ ಇಲ್ಲ. ಸಂಜೆ ಎರಡು ಗಂಟೆ ಇದರ ಬೆನ್ನಿಗೆ ಇಟ್ರೆ, ಬೆಳಗ್ಗೆ ಹೊತ್ತಿಗೆ ಉಕ್ಕಿ ಬಂದಿರುತ್ತೆ. ಒಂದು ತಿಂಗಳಿಂದ ನಮ್ಮನೇಲಿ ಇಡ್ಲಿ ಮಲ್ಲಿಗೆ ಹೂವು!"

ತಿಂಗಳಿಂದ ತಿನ್ನುತ್ತಿದ್ದವನು ನಾನು. ಇಷ್ಟು ಮೆತ್ತಗೆ ಹೇಗೆ ಬರುತ್ತೆ ಎಂದು ಒಂದು ದಿನವೂ ಕೇಳಿರಲಿಲ್ಲ.

"ಮತ್ತೆ ಯಾಕೆ ಆಂಟಿ ಮಾರ್ತಿದೀರಾ?" ಎಂದ ತರುಣ.

"ಮಾರೋದಾ?" ಅವಳು ನನ್ನ ಕಡೆ ತಿರುಗಿದಳು. "ಯಾರ್ರೀ ಮಾರ್ತಿರೋದು? ತಲೆ ಕೆಟ್ಟಿದ್ಯಾ ನಿಮಗೆ? ಇದು ಎಲ್ಲಿಗೂ ಹೋಗಲ್ಲ."

ತರುಣ ಎಂಟು ಇಡ್ಲಿ ತಿಂದು, ಬರಿಗೈಲಿ, ಆದರೆ ನಗುತ್ತಲೇ ಹೊರಟ. ಬಾಗಿಲು ಹಾಕಿದ್ದೇ ತಡ, ನಾನು ಸಂತೋಷ ತಡೆಯಲಾರದೆ ಗಿಟಾರ್ ಎತ್ತಿಕೊಂಡು, ವಾಲ್ಯೂಮ್ ಪೂರ್ತಿ ತಿರುಗಿಸಿ, ಆರೂ ತಂತಿಗಳ ಮೇಲೆ ಕೈ ಎತ್ತಿದೆ.

"ರೀ!" ಎಂದು ಕಿರುಚಿದಳು ಹೆಂಡತಿ. "ಅದುರಿದ್ರೆ ಹಿಟ್ಟು ಇಳಿದುಹೋಗುತ್ತೆ!"