ಎಸ್‌ಪಿಎಫ್ ಐವತ್ತು ಮತ್ತು ನಮ್ಮ ಗೌರಿ

ಮುಖಕ್ಕೆ ಹಚ್ಚುವ ಕ್ರೀಮಿಗಿಂತ ಅದರ ಹೆಸರು ಹೇಳುವುದರಲ್ಲೇ ಹೆಚ್ಚು ಹೊಳಪಿದೆ ಎಂಬುದು ನನ್ನ ನಂಬಿಕೆ. ಪಾಂಡವಪುರದಲ್ಲಿ ಪಿಯುಸಿ ಓದುವ ನನ್ನ ಮುಖದ ಮೊಡವೆಗಳು ಕೂಳೆ ಕಬ್ಬಿನ ಜಾತಿ. ಕಡಿದಷ್ಟೂ ಬುಡದಿಂದ ಚಿಗುರುತ್ತವೆ. ಆದರೂ ನಾನು ತಡವರಿಸದೆ ನಯಾಸಿನಮೈಡ್, ಹೈಲುರಾನಿಕ್ ಆಸಿಡ್ ಎಂದರೆ ಕ್ಯಾತನಹಳ್ಳಿ ಬಸ್ಸಿನ ಕಂಡಕ್ಟರು ಕೂಡ ಟಿಕೆಟ್ ಹರಿಯುವುದನ್ನು ನಿಲ್ಲಿಸುತ್ತಾರೆ.

ಹೋದ ತಿಂಗಳು ಮನೆಯಲ್ಲೂ ಪಾಠ ಶುರು ಮಾಡಿದೆ. ಡಬ್ಬಿಯ ಹಿಂದೆ ಯಾವುದರ ಹೆಸರು ಮೊದಲಿದೆಯೋ ಅದೇ ಒಳಗೆ ಜಾಸ್ತಿ ಎಂದು ಮಾಯಿಶ್ಚರೈಸರ್ ತೋರಿಸಿದೆ. ಮೊದಲ ಹೆಸರು ನೀರು. "ಅಯ್ಯೋ, ಇಂಗೆ ನೀರು ಬೆರ್ಸಿ ಡೈರಿಗೆ ಹಾಕುದ್ರೆ ಕ್ಯಾನ್ ಸಮೇತ ಆಚೆಗ್ ಎಸೀತಾರೆ ಕಣ್ಲಾ," ಎಂದಳು ಅವ್ವ. ಅವ್ವನ ಹಾಲು ಒಮ್ಮೆಯೂ ಡೈರಿಯಿಂದ ವಾಪಸ್ ಬಂದಿರಲಿಲ್ಲ. ಅವಳಿಗೆ ಅದು ನನ್ನ ಮಾರ್ಕ್ಸಿಗಿಂತ ದೊಡ್ಡ ಹೆಮ್ಮೆ. ನನ್ನ ಮಾರ್ಕ್ಸ್ ನೋಡಿದವರು ಅವಳನ್ನು ತಪ್ಪೆನ್ನಲಾರರು.

ಅಪ್ಪ ನನ್ನ ಸನ್‌ಸ್ಕ್ರೀನ್ ಟ್ಯೂಬು ಹಿಡಿದು, "ಈ ಎಸ್‌ಪಿಎಫ್ ಅಂದ್ರೇನ್ಲಾ?" ಎಂದರು. ಬಿಸಿಲಿಗೆ ಚರ್ಮ ಸುಡದಂತೆ ಎಷ್ಟು ತಡೆಯುತ್ತದೆ ಎಂಬ ಲೆಕ್ಕ. ತೆಳ್ಳಗೆ ಸವರಿದರೆ ಸಾಲದು, ದಪ್ಪಗೆ ಬಳಿಯಬೇಕು. ಇದು ವಾಟರ್ ರೆಸಿಸ್ಟೆಂಟ್, ನೀರಿಗೆ ಬೇಗ ಜಗ್ಗುವುದಿಲ್ಲ ಎಂದೆ. ಅಪ್ಪ ತಲೆದೂಗಿದರು. ನಾನು ಹುಟ್ಟಿದಾಗಿನಿಂದ ಅವರು ನನ್ನ ಮಾತಿಗೆ ತಲೆದೂಗಿದ್ದು ಅದೇ ಮೊದಲು. ಆಗಲೇ ಅನುಮಾನ ಬರಬೇಕಿತ್ತು.

ಮಾರನೆಯ ಸಂಜೆ ಅಪ್ಪನೂ ನಾನೂ ಅವ್ವನ ಜೊತೆ ಡೈರಿಗೆ ಹೋಗಿದ್ದೆವು. ಅವ್ವ ಕ್ಯಾನಿನ ಮುಚ್ಚಳ ತೆಗೆದಳು. ಸೆಕ್ರೆಟರಿ ಬಗ್ಗಿ ಮೂಸಿ, "ಏನಕ್ಕಾ, ನಿಮ್ಮಾಲು ಮದ್ವೆಗೆ ಒಂಟಂಗದಲ್ಲ!" ಎಂದ. ಸಾಲಿನಲ್ಲಿದ್ದವರೆಲ್ಲ ಬಂದು ಮೂಸಿದರು. ನನ್ನ ಸನ್‌ಸ್ಕ್ರೀನಿನದೇ ಘಮ.

"ನಮ್ ಗೌರಿ ಕೆಚ್ಲು ಬಿಸ್ಲಿಗೆ ಕೆಂಪಗೆ ಸುಟ್ಟೋಗಿತ್ತು," ಎಂದರು ಅಪ್ಪ. ಗೌರಿ ನಮ್ಮ ಸೀಮೆಹಸು. ಅದರ ಕೆಚ್ಚಲು ಗುಲಾಬಿ ಬಣ್ಣ. "ನಮ್ ಐದ ಏಳ್ದಂಗೆ ಅವನ್ ಕ್ರೀಮ್ನ ದಪ್ಪಗೆ ಬಳ್ದೆ."

"ಕರೆಯಾಕ್ ಮುಂಚೆ ತೊಳ್ದೆ ಕಣಪ್ಪ," ಎಂದಳು ಅವ್ವ, ಅಳುವ ದನಿಯಲ್ಲಿ.

"ನೀರಿಗೆ ಜಗ್ಗಲ್ಲ ಅಂತ ಇವ್ನೇ ಏಳಿದ್ದ!" ಅಪ್ಪ ನನ್ನತ್ತ ಬೆರಳು ತೋರಿಸಿದರು.

ಎಲ್ಲರೂ ನನ್ನ ಕಡೆ ತಿರುಗಿದರು. ಇಂಥ ಸಭೆ ಸಿಕ್ಕಾಗ ಸುಮ್ಮನಿರುವವನಲ್ಲ ನಾನು. "ಫ್ರಾಗ್ರೆನ್ಸ್ ಫ್ರೀ ತಗೋಬೇಕಿತ್ತು," ಎಂದೆ.

ಹಾಲು ತಿಪ್ಪೆಗೆ ಹೋಯಿತು. "ನಿನ್ ಇದ್ಯೆ ನಿನ್ ಮೂತಿ ಮೇಲಿರ್ಲಿ, ನನ್ ಕೊಟ್ಗೆಗ್ ಬಂದ್ರೆ ಕಾಲು ಮುರಿತೀನಿ," ಎಂದಳು ಅವ್ವ.

ಆದರೆ ಗೌರಿಯ ಕೆಚ್ಚಲಿನ ಕೆಂಪು ಇಳಿದ ಸುದ್ದಿ ಊರೆಲ್ಲ ಹಬ್ಬಿತು. ಈಗ ದಿನಾ ಯಾರಾದರೊಬ್ಬರು ಹಗ್ಗ ಹಿಡಿದು ಬಂದು, "ನಮ್ ಎಮ್ಮೆ ಕುತ್ಗೆ ಒಣಗ್ಕಂಡದೆ, ಏನ್ ಅಚ್ಬೇಕ್ಲಾ?" ಎನ್ನುತ್ತಾರೆ. ನನ್ನ ಮುಖ ನೋಡಿಯೂ ನನ್ನನ್ನು ನಂಬುವ ರೋಗಿಗಳು ಅಂತೂ ಸಿಕ್ಕಿದ್ದಾರೆ. ಎಲ್ಲರಿಗೂ ಬಾಲವಿದೆ, ಅಷ್ಟೇ.